ಓದುತ್ತಿರುವಾಗಲೇ ತಾಯಿಯಾದರೆ: ಕಾಲೇಜಿನಲ್ಲಿ ಏನು ಕೇಳಬಹುದು, ಹೇಗೆ ಕೇಳಬೇಕು

ಡಿಗ್ರಿ, ಬಿ.ಎಡ್, ಎಂ.ಎ, ಎಂ.ಕಾಂ ಓದುತ್ತಿರುವಾಗಲೇ ಮದುವೆಯಾಗುವ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ಮದುವೆಯಾದ ವರ್ಷದೊಳಗೆ ಬಸುರಿ, ಆಮೇಲೆ ಬಾಣಂತನಕ್ಕೆ ತವರು, ಅಲ್ಲಿಗೆ ಓದು ನಿಂತಿತು. ಯಾರೂ ಅವಳನ್ನು ಕಾಲೇಜಿನಿಂದ ಹೊರಗೆ ಹಾಕಿರುವುದಿಲ್ಲ. ಅವಳೂ ಬಿಡುತ್ತೇನೆ ಎಂದು ಹೇಳಿರುವುದಿಲ್ಲ. ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಬರುತ್ತದೆ, ಹಾಲ್ ಟಿಕೆಟ್ ಬರುವುದಿಲ್ಲ, "ಮುಂದಿನ ವರ್ಷ ನೋಡೋಣಮ್ಮ" ಎನ್ನುತ್ತಾರೆ. ಆ ಮುಂದಿನ ವರ್ಷ ಎಷ್ಟೋ ಜನರಿಗೆ ಬರುವುದೇ ಇಲ್ಲ.

ಇದನ್ನು ಬಹಳಷ್ಟು ಸಲ ತಪ್ಪಿಸಬಹುದು. ಕಾನೂನು ಪೂರ್ತಿ ನಿಮ್ಮ ಪರವಾಗಿದೆ ಎಂದು ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಕೇಳಲು ಗಟ್ಟಿ ಆಧಾರಗಳಿವೆ. ಮುಂಚೆಯೇ ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಬೇಕು. ಸೀಟು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಅರ್ಜಿ ತಿರಸ್ಕಾರವಾಗಿ ಕಳೆದುಕೊಳ್ಳುವುದಿಲ್ಲ. ಅರ್ಜಿಯನ್ನೇ ಕೊಡದೆ ಕಳೆದುಕೊಳ್ಳುತ್ತಾರೆ.

ಮೊದಲು, ಕೈಯಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

ಕೆಲಸದಲ್ಲಿರುವ ಹೆಂಗಸರಿಗೆ 26 ವಾರಗಳ ಹೆರಿಗೆ ರಜೆ ಇರುವುದು ಎಲ್ಲರಿಗೂ ಗೊತ್ತು. ಆ ಕಾನೂನು ನೌಕರರಿಗೆ. ವಿದ್ಯಾರ್ಥಿನಿಯರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಹಾಗಾಗಿ ಕಾಲೇಜಿನಲ್ಲಿ ಅದನ್ನು ಹಿಡಿದು ವಾದ ಮಾಡಬೇಡಿ. ಎರಡೇ ನಿಮಿಷದಲ್ಲಿ "ಅದು ನಿಮಗೆ ಬರೋದಿಲ್ಲ" ಎಂದು ಕಳಿಸಿಬಿಡುತ್ತಾರೆ.

ನೀವು ಹಿಡಿಯಬೇಕಾದ್ದು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಪತ್ರ. 2021ರ ಡಿಸೆಂಬರ್ 14ರಂದು ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಒಂದು ಪತ್ರ ಬರೆಯಿತು. ತಮ್ಮಲ್ಲಿ ಮತ್ತು ತಮಗೆ ಸೇರಿದ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ ಕೊಡಲು ನಿಯಮ ಮಾಡಿ ಎಂದಿತು. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ ರಿಯಾಯಿತಿ ಕೊಡಿ, ಪರೀಕ್ಷೆ ಅರ್ಜಿ ಸಲ್ಲಿಸುವ ದಿನಾಂಕ ವಿಸ್ತರಿಸಿ, ಅಗತ್ಯವಿರುವ ಬೇರೆ ಸೌಲಭ್ಯವನ್ನೂ ಒದಗಿಸಿ ಎಂದೂ ಹೇಳಿತು. ಎಷ್ಟು ದಿನ ರಜೆ ಎಂದು ಆ ಪತ್ರ ಹೇಳುವುದಿಲ್ಲ. ಅದನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿದೆ. ತೊಡಕು ಇರುವುದು ಅಲ್ಲೇ. ಕೆಲವು ವಿಶ್ವವಿದ್ಯಾಲಯಗಳು ನಿಯಮ ಮಾಡಿದವು, ಕೆಲವು ಆ ಪತ್ರವನ್ನು ಕಡತದೊಳಗೆ ಇಟ್ಟು ಸುಮ್ಮನಾದವು.

ಪಕ್ಕದ ಕೇರಳದಲ್ಲಿ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ 2022ರ ಡಿಸೆಂಬರ್‌ನಲ್ಲಿ 18 ದಾಟಿದ ವಿದ್ಯಾರ್ಥಿನಿಯರಿಗೆ 60 ದಿನಗಳ ಹೆರಿಗೆ ರಜೆ ಕೊಟ್ಟಿತು. ಮರು ತಿಂಗಳೇ ಅಲ್ಲಿನ ಸರ್ಕಾರ ಉನ್ನತ ಶಿಕ್ಷಣ ಇಲಾಖೆಯ ಎಲ್ಲ ವಿಶ್ವವಿದ್ಯಾಲಯಗಳಿಗೂ ಇಂಥ ರಜೆಯನ್ನು ವಿಸ್ತರಿಸಿತು. ನಿಮ್ಮ ಪ್ರಾಂಶುಪಾಲರು "ಎಲ್ಲೂ ಇಲ್ಲದ್ದನ್ನು ಕೇಳ್ತಿದ್ದೀರಿ" ಎಂದರೆ ಹೇಳಲು ಈ ಉದಾಹರಣೆ ಇರಲಿ.

ಕೋರ್ಟುಗಳ ಮಾತೂ ಇದೆ. 2021ರಲ್ಲಿ ಅಲಹಾಬಾದ್ ಹೈಕೋರ್ಟ್, ಬಸಿರಿನ ಕಾರಣಕ್ಕೆ ಪರೀಕ್ಷೆ ತಪ್ಪಿಸಿಕೊಂಡ ಬಿ.ಟೆಕ್ ವಿದ್ಯಾರ್ಥಿನಿಯ ಕೇಸಿನಲ್ಲಿ, ಇಂಥವರಿಗಾಗಿ ನಿಯಮ ಮಾಡಲೇಬೇಕು ಎಂದು ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೇಳಿತು. 2023ರ ಮೇ ತಿಂಗಳಲ್ಲಿ ಡೆಲ್ಲಿ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೀರತ್‌ನ ಎಂ.ಎಡ್ ವಿದ್ಯಾರ್ಥಿನಿಯೊಬ್ಬರು 59 ದಿನಗಳ ಹೆರಿಗೆ ರಜೆ ಕೇಳಿದ್ದರು, ವಿಶ್ವವಿದ್ಯಾಲಯ ಒಪ್ಪಿರಲಿಲ್ಲ. ಓದುವ ಹಕ್ಕು, ತಾಯಿಯಾಗುವ ಹಕ್ಕು ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಪ್ರಜೆಯನ್ನು ಬಲವಂತ ಮಾಡುವಂತಿಲ್ಲ ಎಂಬ ನಿಲುವು ತೆಗೆದುಕೊಂಡ ಕೋರ್ಟ್, ಆ ಅರ್ಜಿಯನ್ನು ಮತ್ತೆ ಪರಿಶೀಲಿಸುವಂತೆ ಆದೇಶ ಮಾಡಿತು.

ಇದರ ಇನ್ನೊಂದು ಮುಖವೂ ತಿಳಿದಿರಲಿ. ಅದೇ ಡೆಲ್ಲಿ ಹೈಕೋರ್ಟ್ 2018ರಲ್ಲಿ ಎಲ್‌ಎಲ್‌ಬಿ ವಿದ್ಯಾರ್ಥಿನಿಯೊಬ್ಬರಿಗೆ ಹಾಜರಾತಿ ರಿಯಾಯಿತಿ ಕೊಡಲು ಒಪ್ಪಿರಲಿಲ್ಲ. ಕಾನೂನು ಪದವಿಗೆ ಬಾರ್ ಕೌನ್ಸಿಲ್‌ನ ಹಾಜರಾತಿ ನಿಯಮ ಬಿಗಿ. ಬಿ.ಎಡ್‌ಗೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಪ್ರಕಾರ ತರಗತಿಗಳಿಗೆ 80%, ಶಾಲಾ ಇಂಟರ್ನ್‌ಶಿಪ್‌ಗೆ 90% ಬೇಕು. ಅಂದರೆ ನೀವು ಯಾವ ಕೋರ್ಸ್ ಓದುತ್ತಿದ್ದೀರಿ ಎಂಬುದರ ಮೇಲೆ ನಿಮ್ಮ ದಾರಿ ಎಷ್ಟು ಸಲೀಸು ಎಂಬುದು ನಿಂತಿದೆ. ಕಡ್ಡಾಯ ಹಾಜರಾತಿ ಜಾಸ್ತಿ ಇರುವ ಕೋರ್ಸ್ ಆದರೆ ತಯಾರಿ ಇನ್ನಷ್ಟು ಬೇಗ ಶುರುವಾಗಬೇಕು.

ಹೆಜ್ಜೆ 1: ಯಾರಿಗೆ, ಯಾವಾಗ ಹೇಳುವುದು

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎನ್ನುವ ಮನೆಗಳಿವೆ. ಅದನ್ನು ಗೌರವಿಸಿ, ತೊಂದರೆಯಿಲ್ಲ. ಆದರೆ ನಾಲ್ಕನೇ ತಿಂಗಳು ದಾಟಿದ ಮೇಲೆ ಕಾಯಬೇಡಿ. ವಾಂತಿ, ಸುಸ್ತು ಜಾಸ್ತಿಯಿದ್ದು ಮೊದಲ ತಿಂಗಳುಗಳಲ್ಲೇ ಕ್ಲಾಸು ತಪ್ಪುತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ. ತಪ್ಪಿದ ಒಂದೊಂದು ದಿನಕ್ಕೂ ಆಸ್ಪತ್ರೆ ಚೀಟಿ ಎತ್ತಿಟ್ಟುಕೊಳ್ಳಿ.

ಮೊದಲು ಒಬ್ಬ ಅಧ್ಯಾಪಕಿಯ ಹತ್ತಿರ ಬಾಯಿಮಾತಿನಲ್ಲಿ ಹೇಳಿ. ಕಾಲೇಜಿನ ಮಹಿಳಾ ಘಟಕದ ಸಂಚಾಲಕಿ, ನಿಮ್ಮ ಮೆಂಟರ್, ಅಥವಾ ಸುಮ್ನೆ ನಿಮಗೆ ಸಲುಗೆಯಿರುವ ಒಬ್ಬ ಮೇಡಂ ಆದರೂ ಸರಿ. ಒಳಗಿನಿಂದ ಒಬ್ಬರು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ. ಆಮೇಲೆ ಎಚ್‌ಒಡಿ, ಆಮೇಲೆ ಪ್ರಾಂಶುಪಾಲರು.

ಇಲ್ಲಿ ಒಂದು ವಿಷಯ ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಕಾಲೇಜು ವಿಶ್ವವಿದ್ಯಾಲಯಕ್ಕೆ ಸೇರಿದ್ದಾದರೆ ದೊಡ್ಡ ರಿಯಾಯಿತಿ ಕೊಡುವ ಅಧಿಕಾರ ಸಾಮಾನ್ಯವಾಗಿ ಪ್ರಾಂಶುಪಾಲರಿಗೆ ಇರುವುದಿಲ್ಲ. ಅವರು ಶಿಫಾರಸು ಮಾಡಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು. ಪ್ರಾಂಶುಪಾಲರು ಒಳ್ಳೆಯವರಾಗಿದ್ದು "ನಾನು ನೋಡ್ಕೊಳ್ತೀನಿ, ನೀನು ಹೋಗಮ್ಮ" ಎಂದರೆ ಖುಷಿಪಡಿ, ಆದರೆ ಅಷ್ಟಕ್ಕೇ ಮನೆಗೆ ಹೋಗಬೇಡಿ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈಗ ಪರೀಕ್ಷೆ ಅರ್ಜಿ, ಹಾಲ್ ಟಿಕೆಟ್‌ನಂಥ ಕೆಲಸಗಳು ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನಡೆಯುತ್ತವೆ. ಬಾಯಿಮಾತಿನ ಒಪ್ಪಿಗೆ ಪೋರ್ಟಲ್‌ಗೆ ಗೊತ್ತಾಗುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಪ್ರಾಂಶುಪಾಲರು ವರ್ಗವಾಗಿ ಹೋಗಿರಲೂಬಹುದು.

ಹೆಜ್ಜೆ 2: ದಿನಗಳ ಲೆಕ್ಕ ಹಾಕಿ

ರಜೆ ಕೇಳುವ ಮೊದಲು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಮಾಡಿ. ಡಾಕ್ಟರ್ ಕೊಟ್ಟ ಹೆರಿಗೆ ದಿನಾಂಕ, ಸೆಮಿಸ್ಟರ್ ಮುಗಿಯುವ ದಿನ, ಪರೀಕ್ಷೆ ಅರ್ಜಿಯ ಕೊನೆಯ ದಿನ, ಇಂಟರ್ನಲ್ಸ್, ಪ್ರಾಕ್ಟಿಕಲ್, ಥಿಯರಿ ಪರೀಕ್ಷೆ ಎಲ್ಲವನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.

ಉದಾಹರಣೆಗೆ, ಸೆಮಿಸ್ಟರ್‌ನಲ್ಲಿ 90 ಕೆಲಸದ ದಿನಗಳಿವೆ ಎಂದುಕೊಳ್ಳಿ. 75% ಹಾಜರಾತಿ ಎಂದರೆ 68 ದಿನ ಬರಬೇಕು. ಯಾವ ರಿಯಾಯಿತಿಯೂ ಇಲ್ಲದೆ ನೀವು 22 ದಿನ ತಪ್ಪಿಸಬಹುದು. ಹೆರಿಗೆಗೆ 45 ಕೆಲಸದ ದಿನ ಹೋದರೆ 23 ದಿನ ಕೊರತೆ. ಅದೇ 45ರಲ್ಲಿ 20 ದಿನ ಸೆಮಿಸ್ಟರ್ ರಜೆಯೊಳಗೆ ಬಿದ್ದರೆ ತಪ್ಪಿದ್ದು 25 ದಿನ, ಕೊರತೆ ಬರೀ 3 ದಿನ. ವೈದ್ಯಕೀಯ ಕಾರಣದ ಮೇಲೆ ಸಿಗುವ ಮಾಮೂಲಿ ಕಂಡೋನೇಷನ್‌ನಲ್ಲೇ (ಹಾಜರಾತಿ ಕೊರತೆಯ ಮನ್ನಾ) ಅದು ಮುಗಿದುಹೋಗುತ್ತದೆ. ಯುಜಿಸಿ ಪತ್ರ ಹಿಡಿದು ಹೋರಾಡುವ ಅಗತ್ಯವೇ ಬರುವುದಿಲ್ಲ.

ಹಾಜರಾತಿಯನ್ನು ಹಲವು ಕಡೆ ಒಟ್ಟು ದಿನಗಳ ಮೇಲೆ ಅಲ್ಲ, ಒಂದೊಂದು ವಿಷಯದ ತರಗತಿಗಳ ಮೇಲೆ ಲೆಕ್ಕ ಹಾಕುತ್ತಾರೆ. ವಾರಕ್ಕೆ ಎರಡೇ ಕ್ಲಾಸು ಇರುವ ವಿಷಯದಲ್ಲಿ ಕೊರತೆ ಬೇಗ ಬೀಳುತ್ತದೆ. ಲ್ಯಾಬ್‌ನಲ್ಲಂತೂ ಇನ್ನೂ ಬೇಗ. ಹಾಗಾಗಿ ವಿಷಯವಾರು ಹಾಜರಾತಿ ಹಾಳೆಯನ್ನು ತಿಂಗಳಿಗೊಮ್ಮೆ ಕೇಳಿ ಫೋಟೋ ತೆಗೆದಿಟ್ಟುಕೊಳ್ಳಿ. ಕಂಡೋನೇಷನ್ ಎಷ್ಟರವರೆಗೆ ಕೊಡಬಹುದು, ಯಾರು ಕೊಡಬೇಕು ಎಂಬುದು ನಿಮ್ಮ ಕೋರ್ಸಿನ ರೆಗ್ಯುಲೇಷನ್‌ನಲ್ಲಿ ಬರೆದಿರುತ್ತದೆ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಹುಡುಕಿ, ಆ ಪುಟ ಪ್ರಿಂಟ್ ತೆಗೆದಿಡಿ.

ಲೆಕ್ಕ ನೋಡಿದರೆ ಎರಡು ದಾರಿ ಕಾಣಿಸುತ್ತದೆ. ಕೊರತೆ ಸ್ವಲ್ಪವಾದರೆ ರಿಯಾಯಿತಿ ಕೇಳಿ ಅದೇ ಸೆಮಿಸ್ಟರ್ ಮುಗಿಸಿ. ಕೊರತೆ ದೊಡ್ಡದು, ಆರೋಗ್ಯವೂ ನಾಜೂಕು ಎಂದಾದರೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಅಧಿಕೃತವಾಗಿ ಬಿಡುವು ಪಡೆದು, ಮತ್ತೆ ಅದೇ ಸೆಮಿಸ್ಟರ್‌ಗೆ ಸೇರಿ. ಬಿಡುವು ತೆಗೆದುಕೊಳ್ಳುವುದು ಸೋಲಲ್ಲ. ಆದರೆ ಟಿಸಿ ಮಾತ್ರ ತೆಗೆದುಕೊಳ್ಳಬೇಡಿ. "ಟಿಸಿ ತಗೊಂಡು ಹೋಗಿ, ಆಮೇಲೆ ಸೇರಿಸ್ಕೊಳ್ತೀವಿ" ಎನ್ನುವ ಮಾತು ಸಾಮಾನ್ಯ. ಟಿಸಿ ಕೈಗೆ ಬಂದ ಕ್ಷಣ ನೀವು ಆ ಕಾಲೇಜಿನ ವಿದ್ಯಾರ್ಥಿನಿ ಅಲ್ಲ. ಫೀಸು, ಸೀಟು, ಸ್ಕಾಲರ್‌ಶಿಪ್ ಎಲ್ಲ ಹೊಸದಾಗಿ ನೋಡಬೇಕಾಗುತ್ತದೆ. ಬಿಡುವಿನ ಆದೇಶದಲ್ಲಿ ಮತ್ತೆ ಯಾವ ಸೆಮಿಸ್ಟರ್‌ಗೆ, ಯಾವ ತಿಂಗಳು, ಎಷ್ಟು ಶುಲ್ಕ ಕಟ್ಟಿ ಸೇರಬೇಕು, ಕಟ್ಟಿದ ಶುಲ್ಕ ಏನಾಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಸಿಲಬಸ್ ಬದಲಾಗುವ ಸೂಚನೆ ಇದೆಯೇ ಎಂದೂ ಕೇಳಿ. ನಮ್ಮಲ್ಲಿ ಇತ್ತೀಚಿನ ವರ್ಷಗಳಲ್ಲಿ ಪದವಿ ಪಠ್ಯಕ್ರಮ ಮತ್ತೆ ಮತ್ತೆ ಬದಲಾಗಿದೆ. ವರ್ಷ ಬಿಟ್ಟು ಬಂದವರಿಗೆ ಯಾವ ಸಿಲಬಸ್ ಎಂಬ ಗೊಂದಲ ಸುಮ್ಮನೆ ತಲೆನೋವು.

ಹೆಜ್ಜೆ 3: ಅರ್ಜಿ

ಅರ್ಜಿ ಒಂದೇ ಪುಟ ಇರಲಿ. ಕರುಣೆ ಕೇಳುವ ಧಾಟಿ ಬೇಡ, ಜಗಳದ ಧಾಟಿಯೂ ಬೇಡ. ಏನು ಬೇಕು, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಆಧಾರದ ಮೇಲೆ. ಇಷ್ಟು ಸಾಕು. ಹೀಗೆ ಬರೆಯಬಹುದು:

"ವಿಷಯ: ಹೆರಿಗೆ ರಜೆ, ಹಾಜರಾತಿ ರಿಯಾಯಿತಿ ಹಾಗೂ ಪರೀಕ್ಷಾ ಅರ್ಜಿ ದಿನಾಂಕ ವಿಸ್ತರಣೆ ಕೋರಿ.

ನಾನು ನಿಮ್ಮ ಕಾಲೇಜಿನಲ್ಲಿ ಎಂ.ಕಾಂ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ನಾನು ಗರ್ಭಿಣಿಯಾಗಿದ್ದು, ವೈದ್ಯರು ಹೆರಿಗೆಯ ದಿನಾಂಕವನ್ನು … ಎಂದು ತಿಳಿಸಿದ್ದಾರೆ. ಆದ್ದರಿಂದ … ರಿಂದ … ವರೆಗೆ ಹೆರಿಗೆ ರಜೆ ಕೋರುತ್ತೇನೆ. ಈ ಅವಧಿಯ ಗೈರುಹಾಜರಿಗೆ ರಿಯಾಯಿತಿ ನೀಡಬೇಕು, ಈ ಅವಧಿಯಲ್ಲಿ ಬರುವ ಇಂಟರ್ನಲ್ ಪರೀಕ್ಷೆ ಮತ್ತು ಅಸೈನ್‌ಮೆಂಟ್‌ಗೆ ಬೇರೆ ದಿನಾಂಕ ಕೊಡಬೇಕು ಎಂದು ವಿನಂತಿಸುತ್ತೇನೆ. ಯುಜಿಸಿಯು 14.12.2021ರಂದು ಕುಲಪತಿಗಳಿಗೆ ಬರೆದ ಪತ್ರದಲ್ಲಿ ಈ ಸೌಲಭ್ಯಗಳನ್ನು ನೀಡುವಂತೆ ಸೂಚಿಸಿದೆ. ನಿರ್ಧಾರ ವಿಶ್ವವಿದ್ಯಾಲಯದ ಮಟ್ಟದಲ್ಲಿ ಆಗಬೇಕಿದ್ದರೆ ನನ್ನ ಅರ್ಜಿಯನ್ನು ಶಿಫಾರಸಿನೊಂದಿಗೆ ಕಳಿಸಿ, ಅದರ ಪ್ರತಿಯನ್ನು ನನಗೆ ಕೊಡಬೇಕಾಗಿ ಕೋರುತ್ತೇನೆ. ನಿರ್ಧಾರವನ್ನು ಲಿಖಿತವಾಗಿ ತಿಳಿಸಬೇಕು."

ಆ ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ನಿಮ್ಮ ಅರ್ಜಿ ಟೇಬಲ್ ಮೇಲೆ ಕೊಳೆಯದಂತೆ ನೋಡಿಕೊಳ್ಳುವ ವಾಕ್ಯಗಳು ಅವು.

ಜೊತೆಗೆ ತಾಯಿ ಕಾರ್ಡಿನ ಜೆರಾಕ್ಸ್ ಇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿದರೆ ಸಿಗುವ ಈ ಕಾರ್ಡ್ ಸರ್ಕಾರಿ ದಾಖಲೆ, ಯಾರೂ ಅನುಮಾನಿಸುವುದಿಲ್ಲ. ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದರೂ ಮಾಡಿಸಿಕೊಳ್ಳಿ. ಡಾಕ್ಟರ್ ಸರ್ಟಿಫಿಕೇಟ್‌ನಲ್ಲಿ ಹೆರಿಗೆ ದಿನಾಂಕ, ವಿಶ್ರಾಂತಿ ಬೇಕಾದ ಅವಧಿ, ಸಹಿ, ಸೀಲು, ವೈದ್ಯರ ನೋಂದಣಿ ಸಂಖ್ಯೆ ಇರಲಿ. "ವಿಶ್ರಾಂತಿ ಅಗತ್ಯ" ಎಂದಷ್ಟೇ ಬರೆದ ಚೀಟಿಯನ್ನು ಆಫೀಸಿನವರು ವಾಪಸ್ ಕೊಡುತ್ತಾರೆ. ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆ ಎಲ್ಲ ಕೊಡುವ ಅಗತ್ಯವಿಲ್ಲ. ಅವು ನಿಮ್ಮ ಖಾಸಗಿ ವಿಷಯ.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಇನ್‌ವರ್ಡ್ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. "ಸೀಲೆಲ್ಲ ಯಾಕೆ, ಇಟ್ಟು ಹೋಗಿ" ಎಂದರೆ ಅದೇ ದಿನ ಕಾಲೇಜಿನ ಅಧಿಕೃತ ಇಮೇಲ್‌ಗೆ ಸ್ಕ್ಯಾನ್ ಮಾಡಿ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟ್ ಮಾಡಿ. ಒಂದು ಪ್ರತಿಯನ್ನು ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೂ ಕಳಿಸುವುದು ಒಳ್ಳೆಯದು.

ಮದುವೆಯಾಗಿಲ್ಲ ಅಥವಾ ಗಂಡ ಜೊತೆಗಿಲ್ಲ ಎಂಬ ಕಾರಣಕ್ಕೆ ಅರ್ಜಿ ಕೊಡಲು ಹಿಂಜರಿಯಬೇಡಿ. ಯುಜಿಸಿ ಪತ್ರ ಹೇಳುವುದು ವಿದ್ಯಾರ್ಥಿನಿಯರು ಎಂದು, ವಿವಾಹಿತ ವಿದ್ಯಾರ್ಥಿನಿಯರು ಎಂದಲ್ಲ. ಹಾಜರಾತಿ ರಿಯಾಯಿತಿಗೆ ಬೇಕಾದ್ದು ವೈದ್ಯಕೀಯ ದಾಖಲೆ, ಮದುವೆ ಸರ್ಟಿಫಿಕೇಟ್ ಅಲ್ಲ. ಬಸುರಿ ಹುಡುಗಿಯನ್ನು ನೋಡಿ ಕೊಳಕು ಮಾತಾಡುವುದು, ಗಾಸಿಪ್ ಹಬ್ಬಿಸುವುದು, ಲೈಂಗಿಕ ಅರ್ಥದ ಟೀಕೆ ಮಾಡುವುದು ನಡೆದರೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ದೂರು ಕೊಡಬಹುದು. ಯುಜಿಸಿಯ 2015ರ ನಿಯಮಗಳ ಪ್ರಕಾರ ಆ ಸಮಿತಿ ಕಾಲೇಜಿನಲ್ಲಿ ಇರಲೇಬೇಕು, ವಿದ್ಯಾರ್ಥಿನಿಯರ ದೂರನ್ನೂ ಅದು ನೋಡಬೇಕು.

ಹುಡುಗಿಗೆ 18 ತುಂಬಿಲ್ಲದಿದ್ದರೆ ದಾರಿ ಬೇರೆ. ಪಿಯುಸಿ ಮಕ್ಕಳ ವಿಷಯದಲ್ಲಿ ಇದು ಬರುತ್ತದೆ. ಅಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, ಬಾಲ್ಯವಿವಾಹ ನಿಷೇಧ ಕಾಯ್ದೆ ಎರಡೂ ಬರುತ್ತವೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಹೋಗಿ. ಓದುವ ಹಕ್ಕು ಆ ಹುಡುಗಿಗೂ ಇದೆ. ಮರ್ಯಾದೆಗೆ ಹೆದರಿ ಮನೆಯೊಳಗೆ ಕೂರಿಸುವುದು ಅವಳಿಗೆ ಮಾಡುವ ಎರಡನೇ ಅನ್ಯಾಯ.

ಹೆಜ್ಜೆ 4: ಕಾಲೇಜಿಗೆ ಬರುತ್ತಿರುವಾಗ

ರಜೆ ಬೇಕಾಗುವುದು ಕೊನೆಗೆ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ನೀವು ತರಗತಿಯಲ್ಲೇ ಇರುತ್ತೀರಿ. ಮೂರನೇ ಮಹಡಿಯ ಕ್ಲಾಸ್‌ರೂಮು, ನೀರಿಲ್ಲದ ಶೌಚಾಲಯ, ನಿಂತೇ ಮಾಡಬೇಕಾದ ಪ್ರಾಕ್ಟಿಕಲ್. ಇವೆಲ್ಲ ಸಣ್ಣ ವಿಷಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಓದು ಬಿಡಿಸುವುದು ಇಂಥವೇ. ಕ್ಲಾಸ್‌ರೂಮು ಕೆಳಗಿನ ಮಹಡಿಗೆ ಬದಲಾಯಿಸಿ, ಮಧ್ಯೆ ಎದ್ದು ಹೋಗಲು ಬಿಡಿ, ಕೂರಲು ಸ್ಟೂಲ್ ಕೊಡಿ ಎಂದು ಕೇಳಿ.

ವಿಜ್ಞಾನದ ವಿದ್ಯಾರ್ಥಿನಿಯರು ಲ್ಯಾಬ್ ವಿಷಯವನ್ನು ಡಾಕ್ಟರ್ ಹತ್ತಿರ ಬಿಡಿಸಿ ಹೇಳಬೇಕು. ಝೂವಾಲಜಿ, ಅನಾಟಮಿ ಲ್ಯಾಬ್‌ನ ಫಾರ್ಮಲಿನ್, ಕೆಮಿಸ್ಟ್ರಿಯ ಬೆಂಜೀನ್‌ನಂಥ ದ್ರಾವಣಗಳು, ಎಕ್ಸ್‌ರೇ ಅಥವಾ ವಿಕಿರಣದ ಕೆಲಸ, ಇವುಗಳಿಂದ ದೂರ ಇರಬೇಕೆಂದು ಡಾಕ್ಟರ್ ಬರೆದುಕೊಟ್ಟರೆ ಆ ಪ್ರಯೋಗಗಳನ್ನು ಮುಂದಿನ ಬ್ಯಾಚ್ ಜೊತೆ ಮಾಡಲು ಅವಕಾಶ ಕೇಳಿ. ಬಿ.ಎಡ್‌ನವರು ಇಂಟರ್ನ್‌ಶಿಪ್‌ಗೆ ಮನೆಗೆ ಅಥವಾ ತವರಿಗೆ ಹತ್ತಿರದ ಶಾಲೆ ಕೇಳಿ. 90% ಹಾಜರಾತಿಯ ಆ ಭಾಗವನ್ನು ಹೆರಿಗೆಗೆ ಮುಂಚೆಯೇ ಮುಗಿಸಲು ಸಾಧ್ಯವೇ ನೋಡಿ. ಮೆಡಿಕಲ್ ಪಿ.ಜಿ ಮಾಡುತ್ತಿರುವವರಿಗೆ 2023ರ ನಿಯಮಗಳಲ್ಲೇ ಸರ್ಕಾರಿ ನಿಯಮದಂತೆ ಹೆರಿಗೆ ರಜೆ ಇದೆ.

ಊಟದ ಮಾತೂ ಹೇಳಿಬಿಡುತ್ತೇನೆ. ಅಂಗನವಾಡಿಯ ಮಾತೃಪೂರ್ಣ ಬಿಸಿಯೂಟ ಬಸುರಿ, ಬಾಣಂತಿಯರಿಗೆ. ಕಾಲೇಜಿಗೆ ಹೋಗುತ್ತೀರಿ ಎಂಬ ಕಾರಣಕ್ಕೆ ಅದು ತಪ್ಪಬೇಕಿಲ್ಲ. ಮೊದಲ ಮಗುವಿಗೆ ಕೇಂದ್ರದ ಮಾತೃವಂದನಾ ಯೋಜನೆಯ 5,000 ರೂಪಾಯಿಯೂ ಅರ್ಹರಿಗೆ ಬರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಹೆಜ್ಜೆ 5: ಪರೀಕ್ಷೆ

ಹೆರಿಗೆಗೆ ತವರಿಗೆ ಹೋಗುವವರು ಒಂದು ವಿಷಯ ಮರೆಯುತ್ತಾರೆ. ಓದುವ ಕಾಲೇಜು ತುಮಕೂರಿನಲ್ಲಿ, ತವರು ಬೀದರ್‌ನಲ್ಲಿ ಎಂದಾದರೆ ಪರೀಕ್ಷೆ ಬರೆಯಲು ಹಸಿ ಬಾಣಂತಿ ರಾತ್ರಿಯಿಡೀ ಪ್ರಯಾಣ ಮಾಡಬೇಕಾಗುತ್ತದೆ. ವೇಳಾಪಟ್ಟಿ ಬರುವ ಮುಂಚೆಯೇ ಎರಡು ಆಯ್ಕೆ ವಿಚಾರಿಸಿ: ಅದೇ ವಿಶ್ವವಿದ್ಯಾಲಯದ ಬೇರೆ ಪರೀಕ್ಷಾ ಕೇಂದ್ರ ಸಿಗುತ್ತದೆಯೇ? ಆ ಪೇಪರ್‌ಗಳನ್ನು ಮುಂದಿನ ಸಲ ಬರೆದರೆ ಮೊದಲ ಪ್ರಯತ್ನ ಎಂದು ಪರಿಗಣಿಸುತ್ತಾರೆಯೇ? ಎರಡನೆಯದು ರ‍್ಯಾಂಕ್, ಕ್ಲಾಸ್ ಬೇಕೆನ್ನುವವರಿಗೆ ಮುಖ್ಯ.

ಪರೀಕ್ಷೆ ಅರ್ಜಿಯನ್ನಂತೂ ಬರೆಯುತ್ತೇನೋ ಇಲ್ಲವೋ ಎಂದು ಯೋಚಿಸದೆ ತುಂಬಿಬಿಡಿ. ತುಂಬಿ ಗೈರಾದರೆ ಒಂದಿಷ್ಟು ಫೀಸು ಹೋಗುತ್ತದೆ. ತುಂಬದೇ ಇದ್ದರೆ ಬರೆಯುವ ಶಕ್ತಿ ಇದ್ದರೂ ಬರೆಯಲಾಗುವುದಿಲ್ಲ.

ಪರೀಕ್ಷಾ ಕೊಠಡಿಗೆ ಸಂಬಂಧಿಸಿ ಕೇಳಬಹುದಾದ್ದು: ಕೆಳಮಹಡಿಯಲ್ಲಿ, ಬಾಗಿಲ ಹತ್ತಿರದ ಸೀಟು, ನೀರಿನ ಬಾಟಲಿ, ಶೌಚಾಲಯಕ್ಕೆ ಹೋಗಿಬರಲು ಅನುಮತಿ. ಹಾಲು ಕುಡಿಯುವ ಮಗುವಿದ್ದರೆ ಮಹಿಳಾ ಮೇಲ್ವಿಚಾರಕರ ಜೊತೆ ಹೋಗಿ ಹಾಲುಣಿಸಿ ಬರಲು ಬಿಡುವು, ಮಗುವನ್ನು ಎತ್ತಿಕೊಂಡ ಅಮ್ಮನೋ ಅತ್ತೆಯೋ ಕೂರಲು ಒಂದು ಕೋಣೆ. ಇವು ಹಕ್ಕೆಂದು ಎಲ್ಲೂ ಅಚ್ಚಾಗಿಲ್ಲ. ಆದರೆ ಮುಖ್ಯ ಅಧೀಕ್ಷಕರಿಗೆ ವಾರ ಮುಂಚೆ ಅರ್ಜಿ ಕೊಟ್ಟರೆ ಒಪ್ಪುವ ಸಾಧ್ಯತೆ ಹೆಚ್ಚು. ಪರೀಕ್ಷೆಯ ದಿನ ಗೇಟಿನ ಹತ್ತಿರ ಕೇಳಿದರೆ ಒಪ್ಪುವುದು ಕಷ್ಟ.

ಹೆಜ್ಜೆ 6: ಮಗುವಿನೊಂದಿಗೆ ವಾಪಸ್

ನನ್ನ ಪ್ರಕಾರ ಅತ್ಯಂತ ಕಷ್ಟದ ಘಟ್ಟ ಇದು. ಹೆರಿಗೆಗೆ ಮುಂಚೆ ಎಲ್ಲರೂ ಪ್ರೀತಿ ತೋರಿಸುತ್ತಾರೆ. ಮೂರು ತಿಂಗಳ ಕೂಸು ಮನೆಯಲ್ಲಿ ಬಿಟ್ಟು ಕ್ಲಾಸಿಗೆ ಬಂದ ತಾಯಿಗೆ ಮಾತ್ರ "ಈಗ್ಯಾಕೆ ಇದೆಲ್ಲ" ಎನ್ನುತ್ತಾರೆ. ಎದೆ ಕಟ್ಟಿಕೊಂಡು ನೋಯುತ್ತದೆ, ಹಾಲು ಸೋರಿ ಬಟ್ಟೆ ಒದ್ದೆಯಾಗುತ್ತದೆ. ಹುಡುಗರ ಮಧ್ಯೆ ಎದ್ದು ಹೋಗಲು ಸಂಕೋಚ. ಎರಡು ಮೂರು ಗಂಟೆಗೊಮ್ಮೆ ಹಾಲು ತೆಗೆಯದಿದ್ದರೆ ಹಾಲು ಕಡಿಮೆಯಾಗುತ್ತಾ ಹೋಗುತ್ತದೆ. ಆರು ತಿಂಗಳು ಬರೀ ಎದೆಹಾಲು ಕೊಡಿ ಎಂದು ಹೇಳುವ ಸಮಾಜ, ಅದಕ್ಕೊಂದು ಬಾಗಿಲು ಹಾಕಿಕೊಳ್ಳುವ ಕೋಣೆಯನ್ನೂ ಕೊಡಬೇಕು.

ಕೋಣೆ ಕೇಳಲು ನಿಮ್ಮ ಹತ್ತಿರ ಆಧಾರವಿದೆ. ನಮ್ಮ ಕರ್ನಾಟಕ ಹೈಕೋರ್ಟ್ 2021ರಲ್ಲಿ, ಬೆಂಗಳೂರಿನ ಆಸ್ಪತ್ರೆಯಿಂದ ಕಳುವಾಗಿದ್ದ ಮಗುವೊಂದರ ಕೇಸಿನಲ್ಲಿ, ಎದೆಹಾಲುಣಿಸುವುದು ತಾಯಿಯ ಕಸಿಯಲಾಗದ ಹಕ್ಕು, ಅದು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದಿತು. 2025ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಸಾರ್ವಜನಿಕ ಕಟ್ಟಡಗಳಲ್ಲಿ ಹಾಲುಣಿಸುವ ಕೋಣೆ ಮತ್ತು ಶಿಶುಪಾಲನಾ ವ್ಯವಸ್ಥೆ ಮಾಡುವ ಬಗ್ಗೆ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಸಾರ್ವಜನಿಕ ಸ್ಥಳದಲ್ಲಿ ಮಗುವಿಗೆ ಹಾಲುಣಿಸುವುದನ್ನು ಕಳಂಕದಂತೆ ನೋಡಬಾರದು ಎಂದೂ ಹೇಳಿತು.

ಇನ್ನೊಂದು ಆಧಾರ ನಿಮ್ಮ ಕಾಲೇಜಿನ ವೆಬ್‌ಸೈಟಿನಲ್ಲೇ ಇರಬಹುದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆಗೆ ಕಾಲೇಜುಗಳು ಕೊಡುವ ಸ್ವಯಂ ಅಧ್ಯಯನ ವರದಿಯಲ್ಲಿ ಏಳನೇ ಮಾನದಂಡ ಎಂದು ಒಂದು ಭಾಗವಿದೆ. ಹೆಣ್ಣುಮಕ್ಕಳಿಗೆ ಸುರಕ್ಷತೆ, ಕೌನ್ಸೆಲಿಂಗ್, ಕಾಮನ್ ರೂಮ್, ಚಿಕ್ಕ ಮಕ್ಕಳ ಡೇ ಕೇರ್ ಇವೆಲ್ಲ ಇವೆಯೇ ಎಂದು ಕೇಳುವ ಜಾಗ ಅದು. ಅಲ್ಲಿ ನಿಮ್ಮ ಕಾಲೇಜು ಏನು ಬರೆದುಕೊಂಡಿದೆ ಓದಿ ನೋಡಿ. ಲೇಡೀಸ್ ಕಾಮನ್ ರೂಮ್ ಇದೆ ಎಂದು ಬರೆದಿದ್ದರೆ, ಆ ರೂಮಿನ ಬೀಗ ತೆಗೆಸಿ, ಒಂದು ಕುರ್ಚಿ, ಒಂದು ಪರದೆ, ಒಂದು ಪ್ಲಗ್ ಪಾಯಿಂಟ್ ಹಾಕಿಸಿಕೊಡಿ ಎಂದು ಆ ಪುಟವನ್ನೇ ಲಗತ್ತಿಸಿ ಕೇಳಿ.

ತೆಗೆದ ಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯಲ್ಲಿಟ್ಟರೆ ಆಗದು. ಐಸ್ ಪ್ಯಾಕ್ ಇರುವ ಚಿಕ್ಕ ಬಾಕ್ಸ್ ಒಯ್ಯಿರಿ, ಅಥವಾ ಲೈಬ್ರರಿ, ಸ್ಟಾಫ್ ರೂಮಿನ ಫ್ರಿಜ್ ಬಳಸಲು ಕೇಳಿ. ಲ್ಯಾಬ್ ಫ್ರಿಜ್ ಬೇಡವೇ ಬೇಡ.

ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದವರು ಊರಿನ ಗ್ರಾಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ, ಅಲ್ಲಿ ಸೇರಿಸಿಕೊಳ್ಳುತ್ತಾರೆಯೇ ವಿಚಾರಿಸಿ. ಅದು ಮುಖ್ಯವಾಗಿ ನರೇಗಾ ಕೂಲಿ ತಾಯಂದಿರಿಗಾಗಿ ಶುರುವಾದದ್ದು. ಮೂರು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿ ಇದ್ದೇ ಇದೆ. ತಂದೆಯೂ ವಿದ್ಯಾರ್ಥಿಯೇ ಆಗಿದ್ದರೆ ಅವನಿಗೆ ಪ್ರತ್ಯೇಕ ನಿಯಮ ಸಿಗುವುದು ಕಷ್ಟ. ಆದರೂ ಅವನು ಅರ್ಜಿ ಕೊಟ್ಟು ಕೆಲವು ದಿನದ ರಜೆ ಕೇಳಬೇಕು. ಮಗು ಇಬ್ಬರದ್ದು, ಶಾರ್ಟೇಜ್ ಮಾತ್ರ ಒಬ್ಬಳದ್ದು ಆಗಬಾರದು ಅಲ್ವಾ?

ಸ್ಕಾಲರ್‌ಶಿಪ್ ಇರುವವರು ಬಿಡುವಿನ ವಿಷಯವನ್ನು ಕಾಲೇಜಿನಲ್ಲಿ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ನೋಡಿಕೊಳ್ಳುವವರಿಗೆ ತಿಳಿಸಿ, ನವೀಕರಣ ಏನಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಪಿಎಚ್‌.ಡಿ ಮಾಡುತ್ತಿರುವವರಿಗೆ

ಇಲ್ಲಿ ನಿಯಮ ಸ್ಪಷ್ಟ. ಯುಜಿಸಿಯ 2022ರ ಪಿಎಚ್‌.ಡಿ ನಿಯಮಗಳಲ್ಲಿ ಮಹಿಳಾ ಸಂಶೋಧಕರಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಮಕ್ಕಳ ಆರೈಕೆ ರಜೆಗೆ ಅವಕಾಶವಿದೆ. ಎಲ್ಲರಿಗೂ ಆರು ವರ್ಷ, ಮರುನೋಂದಣಿ ಮಾಡಿದರೆ ಇನ್ನೆರಡು ವರ್ಷ ಸಿಗುತ್ತದೆ. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ, ಒಟ್ಟು ಹತ್ತು ವರ್ಷ ಮೀರದಂತೆ. ಮದುವೆ ಅಥವಾ ಬೇರೆ ಕಾರಣಕ್ಕೆ ಊರು ಬದಲಾದರೆ ಸಂಶೋಧನೆಯನ್ನು ಷರತ್ತುಗಳ ಮೇಲೆ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಲೂಬಹುದು. ಈ ಕೊನೆಯ ಅವಕಾಶ ಗೊತ್ತಿಲ್ಲದೆ ಸಂಶೋಧನೆ ಕೈಬಿಡಬೇಡಿ. ಫೆಲೋಶಿಪ್ ಬರುತ್ತಿದ್ದರೆ ಗೈಡ್‌ಗೆ ಹೇಳಿದರೆ ಸಾಲದು, ಹಣ ಕೊಡುವ ಸಂಸ್ಥೆಗೂ ರಜೆಯ ಆದೇಶ ಕಳಿಸಬೇಕು.

ಅಮೆರಿಕದಲ್ಲಿ ಓದುತ್ತಿರುವ ನಮ್ಮವರಿಗೆ

ಅಲ್ಲಿ ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಕಾನೂನಿದೆ. ಸರ್ಕಾರಿ ಹಣ ಪಡೆಯುವ ಕಾಲೇಜು, ಡಾಕ್ಟರ್ ಅಗತ್ಯ ಎಂದಷ್ಟು ದಿನ ರಜೆ ಕೊಡಬೇಕು, ವಾಪಸ್ ಬಂದಾಗ ಅದೇ ಸ್ಥಾನ ಕೊಡಬೇಕು. ಪ್ರತಿ ವಿಶ್ವವಿದ್ಯಾಲಯದಲ್ಲೂ ಟೈಟಲ್ ನೈನ್ ಕೋಆರ್ಡಿನೇಟರ್ ಇರುತ್ತಾರೆ, ಅವರಿಗೇ ಬರೆಯಿರಿ. ಎಫ್-1 (ವಿದ್ಯಾರ್ಥಿ) ವೀಸಾದವರು ಒಂದು ಎಚ್ಚರ ವಹಿಸಬೇಕು. ಕ್ರೆಡಿಟ್ ಕಡಿಮೆ ಮಾಡುವ ಅಥವಾ ಕೋರ್ಸ್ ಬಿಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡುವ ಅಧಿಕಾರಿ) ಒಪ್ಪಿಗೆ ಪಡೆಯಲೇಬೇಕು. ವೈದ್ಯಕೀಯ ಕಾರಣದ ರಿಯಾಯಿತಿ ಒಂದು ಹಂತದ ಓದಿಗೆ ಒಟ್ಟು 12 ತಿಂಗಳು. ಮೊದಲು ಕೋರ್ಸ್ ಬಿಟ್ಟು ಆಮೇಲೆ ಹೇಳಿದರೆ ವೀಸಾ ಸ್ಥಿತಿಗೇ ಕುತ್ತು.

ಒಪ್ಪದಿದ್ದರೆ

"ನಿಯಮದಲ್ಲಿ ಇಲ್ಲ" ಎಂಬ ಉತ್ತರ ಬಂದರೆ ಅದನ್ನೇ ಬರೆದುಕೊಡಿ ಎಂದು ಕೇಳಿ. ಬರೆದುಕೊಟ್ಟರೆ ಮೇಲಕ್ಕೆ ಹೋಗಲು ಕಾಗದ ಸಿಕ್ಕಿತು. ಬರೆಯಲು ಹಿಂಜರಿದರೆ ಎಷ್ಟೋ ಸಲ ಅಲ್ಲೇ ಒಂದು ದಾರಿ ತೆರೆಯುತ್ತದೆ.

ಯುಜಿಸಿಯ 2023ರ ನಿಯಮಗಳ ಪ್ರಕಾರ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅಲ್ಲಿಗೆ ದೂರು ಕೊಡಿ. 15 ಕೆಲಸದ ದಿನಗಳೊಳಗೆ ವರದಿ ಕೊಡಲು ಅದು ಪ್ರಯತ್ನಿಸಬೇಕು. ನಿರ್ಧಾರ ಸರಿಬರದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ನೀವು ಕೊಟ್ಟ ಅರ್ಜಿ ಎಲ್ಲಿದೆ, ವಿಶ್ವವಿದ್ಯಾಲಯ ಯುಜಿಸಿ ಪತ್ರದ ಮೇಲೆ ಏನು ಕ್ರಮ ತೆಗೆದುಕೊಂಡಿದೆ ಎಂದು ತಿಳಿಯಲು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು.

ಕೋರ್ಟ್ ಎಂದರೆ ಹೆದರುವುದು ಸಹಜ, ಖರ್ಚಿನ ಚಿಂತೆ ಇನ್ನೂ ಜಾಸ್ತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ. ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಕರೆಯೂ ಮಾಡಬಹುದು. ಪ್ರಾಧಿಕಾರದಿಂದ ಕಾಲೇಜಿಗೆ ಒಂದು ಪತ್ರ ಹೋದರೇ ಕೆಲವೊಮ್ಮೆ ವಿಷಯ ಮುಗಿಯುತ್ತದೆ. ಹೈಕೋರ್ಟಿಗೇ ಹೋಗಬೇಕಾಗಿ ಬಂದರೆ ಉತ್ತರ ಕರ್ನಾಟಕದವರು ಬೆಂಗಳೂರಿಗೆ ಓಡಬೇಕಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಪರೀಕ್ಷೆ ಬರೆಯಲು ಮಧ್ಯಂತರ ಆದೇಶ ಬೇಕಿದ್ದರೆ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ವಾರದಲ್ಲೇ ವಕೀಲರನ್ನು ಕಾಣಿ. ಸೀಲು ಹಾಕಿಸಿಟ್ಟ ಅರ್ಜಿ, ತಾಯಿ ಕಾರ್ಡ್, ಹಾಜರಾತಿಯ ಫೋಟೋಗಳು, ಕಾಲೇಜಿನ ಉತ್ತರ, ಇಷ್ಟನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ.